ಮುಂಡರಗಿಯಲ್ಲಿ ಮುರಿದ ಫೋರ್ಕು

ಪೊಲೀಸರು ಮುರಿಯಲಿಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಆಮೇಲೆ ಬೇಕಾದವರು ಆಕ್ಷೇಪಣೆ ಎತ್ತಲಿ.

ರಾಜ್ಯ ಒಂದಾಗಿ ಇನ್ನೂ ಬಹಳ ವರ್ಷಗಳಾಗಿಲ್ಲ. ಅಷ್ಟರಲ್ಲೇ ಪ್ರತಿ ನವೆಂಬರಿನಲ್ಲಿ ಗದಗಿನ ಯಾವುದಾದರೊಂದು ವೇದಿಕೆಯ ಮೇಲೆ ಯಾರಾದರೊಬ್ಬರು ಎದ್ದು ನಿಲ್ಲುತ್ತಾರೆ. ಏಕೀಕರಣದ ಪ್ರಚಾರಕ್ಕೆ ಹೊರಟ ಮೂವರು ಕಾಲೇಜು ಹುಡುಗರನ್ನು ಮುಂಡರಗಿಯ ಹೊರಗೆ ಪೊಲೀಸರು ತಡೆದರೆಂದೂ, ಸೈಕಲ್ಲಿನ ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕನ್ನು ಲಾಠಿಯಿಂದ ಹೊಡೆದು ಮುರಿದರೆಂದೂ ಹೇಳುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ಹೋದ ವರ್ಷದ ಭಾಷಣದಲ್ಲಿ ಒಂದು ಲಾಠಿ ಇತ್ತು, ಈ ವರ್ಷ ಅದಕ್ಕೆ ಮರಿಗಳಾಗಿವೆ. ಚರ್ಚಾಸ್ಪರ್ಧೆಯಲ್ಲಿ ನಾನು ಕಲಿತ ಮೊದಲ ಪಾಠವೆಂದರೆ ಸಾಕ್ಷಿ ಎಲ್ಲಿ ಎಂದು ಕೇಳುವುದು. ಇಲ್ಲಿ ಸಾಕ್ಷಿಯನ್ನು ಹುಡುಕಬೇಕಾಗಿಯೂ ಇಲ್ಲ. ಆ ಮೂವರಲ್ಲಿ ಒಬ್ಬ ನಾನೇ. ಲಾಠಿಯಿಂದ ಫೋರ್ಕು ಮುರಿಯುತ್ತದೆ ಎನ್ನುವವರು ಒಮ್ಮೆ ತಮ್ಮ ಸ್ವಂತ ಸೈಕಲ್ಲಿನ ಮೇಲೆ ಹೊಡೆದು ನೋಡಬಹುದು.

ಇಷ್ಟು ದಿನ ಸುಮ್ಮನಿದ್ದವನು ಈಗೇಕೆ ಮಾತಾಡುತ್ತಿದ್ದೇನೆ ಎಂದು ಯಾರಾದರೂ ಕೇಳಬಹುದು. ಕಳೆದ ವಾರ ಮಲ್ಲೇಶಿಯ ಸೈಕಲ್ ಅಂಗಡಿಯಲ್ಲಿ ಕುಳಿತಿದ್ದೆ. ಆತ ಮೇಲಿನ ಹಲಗೆಯಿಂದ ಏನನ್ನೋ ಎಳೆಯುವಾಗ ಹಳೆಯದೊಂದು ತಾಡಪತ್ರಿಯ ಚೀಲ ಜಾರಿ ನನ್ನ ತೊಡೆಯ ಮೇಲೆ ಬಿತ್ತು. ಆ ರಬ್ಬರು, ಗ್ರೀಸುಗಳ ವಾಸನೆಯ ನಡುವೆ ಚೀಲದ ಹೊಟ್ಟೆಯಿಂದ ಗುರೆಳ್ಳು ಚಟ್ನಿಯ ವಾಸನೆ ಎದ್ದಿತು. ಬೆಳ್ಳುಳ್ಳಿ ಸಮೇತ! ಇಷ್ಟು ಮಳೆ, ಇಷ್ಟು ಬಿಸಿಲು ಹೋದರೂ ಆ ಬಟ್ಟೆ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಆ ಒಂದು ಶೇಂಗಾ ಸುಗ್ಗಿ ಇಡಿಯಾಗಿ ಎದುರು ಬಂದು ಕುಳಿತಿತು.

ಏಕೀಕರಣ ಆಗುವುದಕ್ಕೆ ಮುಂಚಿನ ಸುಗ್ಗಿ ಅದು. ದೀಪಾವಳಿ ಮುಗಿದಿತ್ತು. ಹೊಲಗಳಲ್ಲಿ ಶೇಂಗಾ ಕೀಳುತ್ತಿದ್ದರು. ಹಗಲು ಊರುಗಳಲ್ಲಿ ಮುದುಕರು, ನಾಯಿಗಳು ಬಿಟ್ಟರೆ ಯಾರೂ ಸಿಗುವಂತಿರಲಿಲ್ಲ. ಸಭೆ ಮಾಡಬೇಕೆಂದರೆ ದೀಪ ಹಚ್ಚುವ ಹೊತ್ತಿಗೇ ಮಾಡಬೇಕು. ಅದಕ್ಕೆ ಗ್ಯಾಸಬತ್ತಿ, ಅಂದರೆ ಪೆಟ್ರೋಮ್ಯಾಕ್ಸ್ ದೀಪ, ಬೇಕು. ಕಂದೀಲಿನ ಬೆಳಕಿಗೆ ಜನ ಸೇರುವುದಿಲ್ಲ. ಗ್ಯಾಸಬತ್ತಿಯ ಬೆಳಕು ಕಂಡರೆ ಆಟವಿದೆಯೇನೋ ಎಂದುಕೊಂಡಾದರೂ ಬರುತ್ತಾರೆ. ಬಂದ ಮೇಲೆ ದಾವಲ ಹಾಡುತ್ತಿದ್ದ, ನಾನು ಭಾಷಣ ಮಾಡುತ್ತಿದ್ದೆ. ದಾವಲಸಾಬ ಲಕ್ಷ್ಮೇಶ್ವರದ ದರ್ಜಿಯ ಮಗ, ಗದಗಿನಲ್ಲಿ ನಮ್ಮ ಜೊತೆ ಓದುತ್ತಿದ್ದ. ಬತ್ತಿ ಹಚ್ಚುವವನು ಮಲ್ಲೇಶಿ. ನನ್ನನ್ನು ಅವರಿಬ್ಬರೂ ವಕೀಲ ಎಂದು ಕರೆಯುತ್ತಿದ್ದರು. ಅದು ಹೊಗಳಿಕೆಯಲ್ಲ.

ಗ್ಯಾಸಬತ್ತಿಯನ್ನು ಸೈಕಲ್ಲಿನ ಮೇಲೆ ಒಯ್ಯುವುದು ಹೇಗೆ ಎಂಬುದು ಮೊದಲ ಪ್ರಶ್ನೆ. ಒಮ್ಮೆ ಉರಿದ ಮೇಲೆ ಅದರೊಳಗಿನ ಜಾಳಿಗೆ ಬರೀ ಬೂದಿ, ಜೋರಾಗಿ ಕೆಮ್ಮಿದರೂ ಉದುರುತ್ತದೆ. ನಮ್ಮ ಹಾದಿಗಳೋ, ಎರೆಮಣ್ಣಿನಲ್ಲಿ ಗಾಡಿಯ ಗಾಲಿಗಳು ಕೊರೆದ ಕೊರಕಲುಗಳು. ಮಲ್ಲೇಶಿಯ ಮನೆಯ ಅಂಗಳದಲ್ಲಿ ನಾವು ಮೂವರೂ ಇದರ ಮೇಲೆ ಜಗಳಕ್ಕೆ ಬಿದ್ದೆವು.

"ಹಿಂದಿನ ಕ್ಯಾರಿಯರ ಮ್ಯಾಲೆ ಎಲ್ಲಾ ಹೇರೂಣು," ಅಂದೆ ನಾನು. "ಎತ್ತು ಬೆನ್ನ ಮ್ಯಾಲೆ ಹೊರತೈತಿ, ಕತ್ತಿ ಬೆನ್ನ ಮ್ಯಾಲೆ ಹೊರತೈತಿ. ಕೊಳ್ಳಾಗ ಹೇರಿಸ್ಕೊಂಡು ಹೊರೂ ಪ್ರಾಣಿ ಒಂದರ ತೋರ್ಸಲೇ."

"ಎತ್ತಿಗೆ ಹ್ಯಾಂಡಲ್ ಐತೇನ್ಲೇ ವಕೀಲ?" ಅಂದ ಮಲ್ಲೇಶಿ. ಮುಂದೆ ವಾದ ಮಾಡದೆ ಹಿಂದಿನ ಕ್ಯಾರಿಯರಿಗೆ ಒಂದು ಶೇಂಗಾ ಚೀಲ ಕಟ್ಟಿ, ಹತ್ತು ಎಂದು ನನ್ನನ್ನೇ ಹತ್ತಿಸಿದ. ಓಣಿಯ ಏರು ಸಿಕ್ಕ ಕೂಡಲೇ ಮುಂದಿನ ಗಾಲಿ ಕುದುರೆಯ ಹಾಗೆ ಮೇಲೆದ್ದಿತು. ನಾನು ಕಟ್ಟೆಯ ಮೇಲೆ ಕುಳಿತಿದ್ದ ಹೆಂಗಸರ ನಡುವೆ ಹೋಗಿ ಬಿದ್ದೆ. ದಾವಲ ನಕ್ಕ ನಗುವಿಗೆ ಓಣಿಯ ನಾಯಿಗಳೆಲ್ಲ ಬೊಗಳಿದವು. ಭಾರವನ್ನು ಹಂಚಬೇಕು, ಅದರಲ್ಲಿ ಅರ್ಧವಾದರೂ ಮುಂದಿನ ಗಾಲಿಯ ಎರಡೂ ಬದಿಗೆ ತಗ್ಗಿನಲ್ಲಿ ಇಳಿಬೀಳಬೇಕು, ಆಗ ಹ್ಯಾಂಡಲ್ ತೊನೆಯುವುದಿಲ್ಲ ಎಂಬ ಅವನ ಮಾತನ್ನು ಒಪ್ಪಿಕೊಂಡೆ. ಮೊಣಕೈ ಕೆತ್ತಿತ್ತು, ಒಪ್ಪದೆ ದಾರಿ ಇರಲಿಲ್ಲ.

ಮುಂದಿನ ಕ್ಯಾರಿಯರನ್ನು ಆತನೇ ಮಾಡಿದ. ಒತ್ತಿ ಕಟ್ಟಿದ ಹತ್ತಿ ಅಂಡಿಗೆಗೆ ಬಿಗಿಯುವ ಕಬ್ಬಿಣದ ಪಟ್ಟಿಗಳನ್ನು ಮಡಿಚಿ, ರಿವಿಟ್ಟು ಬಡಿದು, ಗಾಲಿಯ ಅಚ್ಚಿನಿಂದ ಹ್ಯಾಂಡಲ್ಲಿನವರೆಗೆ ಆನಿಸಿ ನಿಲ್ಲಿಸಿದ. ಚೀಲದ ಮೇಲೆ ಇನ್ನೊಂದು ಚರ್ಚೆ. ಗೋಣಿಚೀಲ ನೀರು ಕುಡಿಯುತ್ತದೆ. ನನ್ನ ಖಾದಿ ಚೀಲಗಳು ಭಾಷಣಕ್ಕೆ ಸರಿ, ಹೊರೆಗೆ ಅಲ್ಲ. ಕೊನೆಗೆ ಎತ್ತಿನ ಬೆನ್ನಿನ ಮೇಲೆ ಎರಡೂ ಬದಿಗೆ ಇಳಿಬಿಡುವ ಕಂಟಲೆ ಚೀಲದ ಮಾದರಿಯಲ್ಲಿ ದಾವಲ ತಾಡಪತ್ರಿಯನ್ನು ಕತ್ತರಿಸಿ ಜೋಡಿಚೀಲ ಹೊಲಿದ. ಬತ್ತಿಗೆ ಮಾತ್ರ ಚೀಲ ಬೇಡವೆಂದ ಮಲ್ಲೇಶಿ. ಹೊಲದ ಬದುವಿನಲ್ಲಿ ಕೂಸಿಗೆ ಜೋಳಿಗೆ ಕಟ್ಟುವಂತೆ, ಕ್ಯಾರಿಯರಿನ ಮೇಲೊಂದು ಕಬ್ಬಿಣದ ಕಮಾನು ಎಬ್ಬಿಸಿ, ಅದಕ್ಕೆ ತನ್ನ ಅವ್ವನ ಹಳೆಯ ಇಳಕಲ್ ಸೀರೆಯ ತುಂಡನ್ನು ಬಿಗಿದು, ಅದರೊಳಗೆ ಬತ್ತಿಯನ್ನು ತೂಗುಬಿಟ್ಟ. ರಸ್ತೆ ಕುಲುಕಿದರೆ ಬತ್ತಿ ತೂಗಬೇಕು, ಅದುರಬಾರದು.

ಕೊನೆಯದು ಫೋರ್ಕು. ಅವನ ಬಳಿ ಎರಡಿದ್ದವು. ಒಂದು ಹಾಲು ಮಾರುವವರ ಸೈಕಲ್ಲಿಗೆ ಇರುವಂಥ ಜೋಡಿ ಕೊಳವೆಯದು, ಉಡದ ಹಾಗೆ ಗಟ್ಟಿ. ಇನ್ನೊಂದು ಸಪೂರ, ತುದಿಯಲ್ಲಿ ಮುಂದಕ್ಕೆ ಬಾಗಿದ್ದು. ಆತ ಸಪೂರದ್ದನ್ನು ಹಿಡಿದ.

"ಗಟ್ಟಿದು ಬಿಟ್ಟು ಇದ್ಯಾಕೋ?" ಅಂತ ನಾನು.

"ಗಟ್ಟಿದು ರಸ್ತೇದ ಹೊಡತಾ ಎಲ್ಲಾ ಸೀದಾ ಮ್ಯಾಲೆ ಕಳಸ್ತೈತಿ. ಇದು ತೆಗ್ಗಿನ್ಯಾಗ ಇಳದ್ರ ಒಂದೀಟು ಬಗ್ಗಿ ಏಳ್ತೈತಿ. ಬತ್ತಿ ಉಳೀಬೇಕಂದ್ರ ಬಗ್ಗಾವ ಬೇಕು."

"ಬಗ್ಗಾವ ಮುರೀತಾನ."

"ಭಾಳ ಹೇರಿದ್ರ ಮುರೀತಾನ. ನಾವು ಹೇರೂದಿಲ್ಲ. ಬತ್ತಿ, ಎಣ್ಣಿ ಡಬ್ಬಿ, ಮೂರು ಕಂಬಳಿ. ಅದರ ಮ್ಯಾಲೆ ಒಂದು ನಿಂಬಿಹಣ್ಣೂ ಇಲ್ಲ."

ಇದನ್ನೆಲ್ಲ ಪಡಸಾಲೆಯಲ್ಲಿ ಕುಳಿತು ಕೇಳುತ್ತಿದ್ದವರು ಅವನ ಅಪ್ಪ ಬಸಲಿಂಗಪ್ಪನವರು. ಹತ್ತಿ, ಶೇಂಗಾಗಳ ಅಡತಿ ವ್ಯಾಪಾರಿ. ಪೇಟೆಯೆಲ್ಲ ಅವರನ್ನು ಸಾವಕಾರ್ರು ಅನ್ನುತ್ತಿತ್ತು. ದರ ಹೇಳುವಾಗ ಬಾಯಿ ಬಿಡದೆ, ಎದುರಿನವರ ಕೈ ಹಿಡಿದು ಅದರ ಮೇಲೆ ರುಮಾಲು ಹೊದಿಸಿ, ಬೆರಳು ಒತ್ತಿ ತಿಳಿಸುವ ಹಳೆಯ ಪದ್ಧತಿಯವರು. ಒಮ್ಮೆ ಒತ್ತಿದ ಬೆರಳಿನಿಂದ ಹಿಂದೆ ಸರಿದದ್ದನ್ನು ಯಾರೂ ಕಂಡಿರಲಿಲ್ಲ. ಒಬ್ಬನೇ ಮಗ ತಮ್ಮ ಗಾದಿಯ ಮೇಲೆ ಕೂರಬೇಕೆಂಬುದು ಅವರ ಆಸೆ. ಅಡತಿ ಅಂಗಡಿಯ ಪಕ್ಕದಲ್ಲಿ ಖಾಲಿ ಚೀಲಗಳನ್ನು ತುಂಬಿದ ಖೋಲಿಯಿದೆಯಲ್ಲ, ಅದರಲ್ಲೊಂದು ಸೈಕಲ್ ಅಂಗಡಿ ಹಾಕಬೇಕೆಂಬುದು ಮಗನ ಆಸೆ. ಮನೆಯಲ್ಲಿ ಈ ಮಾತಿಗೆ ವರ್ಷದಿಂದ ಊಟ ತಣ್ಣಗಾಗುತ್ತಿತ್ತು.

ಆ ದಿನ ಸಾವಕಾರ್ರು ಎದ್ದು ಬಂದು ಕ್ಯಾರಿಯರನ್ನು ಕೈಯಿಂದ ಅಲುಗಿಸಿ ನೋಡಿದರು.

"ಗಾದಿ ಮ್ಯಾಲೆ ಕುಂಡ್ರೂದಿಲ್ಲಂತಿ. ಕಬ್ಬಿಣ ಬಡೀತೇನಂತಿ. ಆತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿ ಈ ನಿನ್ನ ಆಟಗಿ ಸಾಮಾನು ಮುರೀದಂಗ ಮನೀಗೆ ಬಂತಂದ್ರ ಬಾಜೂಕಿನ ಖೋಲಿ ನಿಂದು. ಮುರದು ಬಂತಂದ್ರ ಮರುದಿವಸ ಗಾದಿ ಮ್ಯಾಲೆ ಕುಂಡ್ರಬೇಕು. ಮತ್ತ ಸೈಕಲ್ ಸುದ್ದಿ ಈ ಮನ್ಯಾಗ ಎತ್ತಂಗಿಲ್ಲ."

"ಆತಪ್ಪಾ," ಅಂದ ಮಲ್ಲೇಶಿ.

"ವಕೀಲ್ರ, ನೀವ ಸಾಕ್ಷಿ," ಎಂದು ನನ್ನತ್ತ ಬೊಟ್ಟು ಮಾಡಿ ಒಳಗೆ ಹೋದರು. ಅವನ ಅವ್ವ ಹೊರಗೆ ಬಂದಳು. ಜೋಳಿಗೆಯ ಗಂಟನ್ನು ಬಿಚ್ಚಿ ಇನ್ನೊಮ್ಮೆ ಬಿಗಿಯಾಗಿ ಹಾಕಿದಳು.

ಹೀಗೆ ಮೂವರೂ ಮೂರು ಸೈಕಲ್ಲುಗಳಲ್ಲಿ ಹೊರಟೆವು, ಬತ್ತಿ ಮಲ್ಲೇಶಿಯದರ ಮೇಲೆ. ಹೊರೆ ಲೆಕ್ಕದಂತೆಯೇ ಇತ್ತು, ಮೊದಲ ಊರಿನವರೆಗೆ.

ಅಂತೂರ ಬೆಂತೂರಿನಲ್ಲಿ ಸಭೆ ಚೆನ್ನಾಗಿಯೇ ಆಯಿತು. ಬೆಳಿಗ್ಗೆ ಹೊರಡುವಾಗ ನಾವು ಮಲಗಿದ್ದ ಮನೆಯ ಯಜಮಾನಿ ಒಂದು ಗಂಟು ತಂದಳು. ಎಳ್ಳು ಹಚ್ಚಿ ಗರಿಗರಿ ಒಣಗಿಸಿದ ಖಟಿ ರೊಟ್ಟಿ, ಗುರೆಳ್ಳು ಚಟ್ನಿ. ಮಲ್ಲೇಶಿ ನನ್ನ ಮುಖ ನೋಡಿದ. ವಾದ ಮಾಡುವುದು ನನ್ನ ಕೆಲಸ.

"ಯವ್ವಾ, ಮುಂದಿನ ಊರಾಗ ಊಟಕ್ಕ ಹೇಳ್ಯಾರ್ರಿ. ಇದು ಬ್ಯಾಡ್ರಿ."

"ಅವರ ಊಟ ಅವರದು. ಇದು ನಮ್ಮದು."

"ಸೈಕಲ್ಲಿಗೆ ಭಾರ ಆಕ್ಕೈತ್ರಿ."

"ರೊಟ್ಟಿ ಭಾರ ಅನ್ನೂ ಸೈಕಲ್ ಎಂಥಾದ್ದೋ ಯಪ್ಪಾ? ಅದನ್ನ ಹೊಳ್ಳಿ ಕೊಟ್ಟುಬಿಡ್ರಿ."

ಧಾರವಾಡದ ಸ್ಪರ್ಧೆಯಲ್ಲಿ ಇಡೀ ತಂಡವೊಂದನ್ನು ಸೋಲಿಸಿದವನು ನಾನು. ಇಲ್ಲಿ ಎರಡು ವಾಕ್ಯಕ್ಕೆ ಸೋತೆ. ಗಂಟು ಜೋಡಿಚೀಲದೊಳಗೆ ಹೋಯಿತು.

ಲಕ್ಷ್ಮೇಶ್ವರಕ್ಕೆ ಹೋಗುವಾಗ ಹಳೆಯ ಸುಂಕದ ನಾಕಾದ ಗೋಡೆ ಸಿಗುತ್ತದೆ. ಕೆಲವೇ ವರ್ಷದ ಹಿಂದೆ ಗದಗು ಮುಂಬಯಿ ಸರಕಾರದ್ದು, ಲಕ್ಷ್ಮೇಶ್ವರ ಮಿರಜಿನ ರಾಜರದು, ಶಿರಹಟ್ಟಿ ಸಾಂಗ್ಲಿಯವರದು, ಮುಂಡರಗಿ ದಾಟಿದರೆ ನಿಜಾಮನ ಸೀಮೆ. ಒಂದು ದಿನದ ಸೈಕಲ್ ಹಾದಿಯಲ್ಲಿ ಇಷ್ಟು ದೊರೆತನಗಳು! ನನ್ನ ಭಾಷಣದಲ್ಲಿ ಇದಕ್ಕೊಂದು ಭಾರಿ ವಾಕ್ಯ ಇಟ್ಟುಕೊಂಡಿದ್ದೆ: ಈ ನಾಕಾಗಳು ಅಕ್ಕತಂಗಿಯರನ್ನು ಅಗಲಿಸಿದವು ಎಂದು. ದಾವಲನ ಮನೆಯಲ್ಲಿ ಇಳಿದ ಮೇಲೆ ಆ ವಾಕ್ಯ ನನಗೇ ಸುಳ್ಳೆನಿಸತೊಡಗಿತು. ಅವನ ಅಮ್ಮನ ಗಂಟು ಹೇಗೂ ಇತ್ತು. ಅದರ ಹಿಂದೆಯೇ ಪಕ್ಕದ ಮನೆಯಾಕೆ ಬಂದಳು.

"ಶಿರಹಟ್ಟಿಗೆ ಹೊಂಟೀರೇನಪಾ? ನನ್ನ ಮಗಳು ಅಲ್ಲಿ ಬಾಣಂತಿ ಅದಾಳ. ಈ ಅಂಟಿನ ಉಂಡಿ ಇಷ್ಟು ಮುಟ್ಟಸ್ರಿ."

ಅವಳ ಹಿಂದೆ ಇನ್ನೊಬ್ಬಳು. ಅವಳ ತಂಗಿಯ ಮನೆ ಶಿರಹಟ್ಟಿಯ ಅಗಸಿಬಾಗಿಲ ಹತ್ತಿರ, ಆಕೆಗೂ ಒಂದು ಗಂಟು. ನಾಕಾಗಳಿದ್ದ ಕಾಲದಲ್ಲೂ ಈ ಗಂಟುಗಳು ಹೀಗೆಯೇ ಯಾರದೋ ಗಾಡಿಯಲ್ಲಿ, ಯಾರದೋ ತಲೆಯ ಮೇಲೆ ಹೋಗುತ್ತಿದ್ದವಂತೆ. ಅಕ್ಕತಂಗಿಯರನ್ನು ಯಾರೂ ಅಗಲಿಸಿರಲಿಲ್ಲ. ಹೊತ್ತೊಯ್ಯುವವರ ಸೊಂಟ ಮಾತ್ರ ಮುರಿದಿತ್ತು.

"ನಾವು ಪ್ರಚಾರಕ್ಕ ಹೊಂಟೀವೋ, ಟಪಾಲಿಗೆ ಹೊಂಟೀವೋ?" ಎಂದು ನಾನು ಸಿಡುಕಿದೆ.

"ಲೇ ವಕೀಲ, ನಿನ್ನ ಭಾಷಣಾ ಯಾರೂ ಮುಂದಿನ ಊರಿಗೆ ಕಟ್ಟಿ ಕಳಸ್ವಲ್ರು," ಅಂದ ದಾವಲ. "ಉಂಡಿ ಆದ್ರ ಕಳಸ್ತಾರ."

ಮಲ್ಲೇಶಿ ಹೊರೆಯನ್ನು ಬಿಚ್ಚಿ ಮತ್ತೆ ಕಟ್ಟಿದ. ಮುಂದಿನ ಕ್ಯಾರಿಯರಿನಲ್ಲಿ ಬತ್ತಿ, ಎಣ್ಣೆ, ಹಗುರವಾದ ರೊಟ್ಟಿ ಮಾತ್ರ ಉಳಿಸಿ ಬಾಕಿಯೆಲ್ಲ ನಮ್ಮಿಬ್ಬರ ಹಿಂದೆ ಹೇರಿದ. ದಾವಲನ ಬೆನ್ನ ಹಿಂದಿನ ಗಂಟು ಅವನ ತಲೆಗಿಂತ ಎತ್ತರವಾಯಿತು. ಶಿರಹಟ್ಟಿ ಇನ್ನೂ ದೂರ ಇರುವಾಗಲೇ ನನ್ನ ಹಿಂದಿನ ಗಾಲಿಯ ಕಡ್ಡಿಗಳು ಟಣ್ ಟಣ್ ಎಂದು ತುಂಡಾದವು. ಉಳಿದ ಕಡ್ಡಿಗಳನ್ನು ಮಲ್ಲೇಶಿ ಎಳೆದು ಬಿಗಿದು, "ಇನ್ನ ಇದರ ಮ್ಯಾಲೆ ನೀ ಒಬ್ಬಾಂವ ಕುಂತರ ಸಾಕು, ಮತ್ತೊಂದು ಕಾಳೂ ಬ್ಯಾಡ," ಅಂದ.

ಶಿರಹಟ್ಟಿಯಲ್ಲಿ ಉಂಡೆ ಮುಟ್ಟಿತು, ತಂಗಿಯ ಗಂಟು ಮುಟ್ಟಿತು, ಸಭೆಯೂ ಆಯಿತು. ಮರುದಿನ ಬೆಳಿಗ್ಗೆ ಮುಂಡರಗಿಗೆ ಹೊರಟು ನಿಂತಾಗ ನೀಲವ್ವ ಬಂದಳು. ಐವತ್ತು ದಾಟಿದ ಹೆಂಗಸು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬೀಸುಕಲ್ಲಿನ ಮೇಲಿನ ಹೋಳು. ಹೊಸದು, ಉಳಿಯಿಂದ ಟಂಕಿಸಿದ್ದು, ಇನ್ನೂ ಬಿಳಿ ಪುಡಿ ಉದುರುತ್ತಿತ್ತು. ಅದನ್ನು ಇಳಿಸಿ ಉಸಿರು ಬಿಟ್ಟಳು.

"ನನ್ನ ಮಗಳು ಗಂಗವ್ವ ಮುಂಡರಗ್ಯಾಗ ಇರ್ತಾಳ್ರೀ. ಹೊಸದಾಗಿ ಬ್ಯಾರೆ ಮನಿ ಮಾಡ್ಯಾರ. ಕಲ್ಲಿನ ಮ್ಯಾಲಿನ ಹೋಳು ಸೀಳೇತಿ. ಹಿಡಿ ಹಿಟ್ಟಿಗೆ ಮಂದಿ ಮನೀ ಹೊಸ್ತಲಾ ತುಳ್ಯಾಕತ್ತಾಳಂತ. ಬ್ಯಾರೆ ಆದ ಸೊಕ್ಕಿಗೆ ಹಿಂಗಾತಂತ ನೆಗೆಣ್ಣಿ ಅಂತಾಳಂತ. ಸುಗ್ಗೀ ಒಳಗ ಗಾಡಿ ಒಂದೂ ಖಾಲಿ ಇಲ್ಲ. ಮೋಟರಿನಾಂವ ಕಲ್ಲು ನೋಡಿ ಬೈದ."

ಮಲ್ಲೇಶಿ ಕಲ್ಲನ್ನು ನೋಡುತ್ತಿದ್ದ. ಅವನ ಕಣ್ಣು ಕಲ್ಲಿನಿಂದ ಫೋರ್ಕಿಗೆ, ಫೋರ್ಕಿನಿಂದ ಕಲ್ಲಿಗೆ ಹೋಗಿ ಬರುತ್ತಿತ್ತು. ನಾನು ಅವನಿಗಿಂತ ಮೊದಲು ಮಾತಾಡಿದೆ. ಸಾವಕಾರ್ರ ಶರತ್ತನ್ನು, ಖೋಲಿಯನ್ನು, ಗಾದಿಯನ್ನು, ಎಲ್ಲವನ್ನೂ ಆಕೆಗೆ ಬಿಡಿಸಿ ಹೇಳಿದೆ. "ಯವ್ವಾ, ಇವನ ಬಾಳೇವು ಈ ಕಬ್ಬಿಣದ ಮ್ಯಾಲೆ ನಿಂತೈತಿ. ನನ್ನ ಸೈಕಲ್ಲಿನ ಕಡ್ಡಿ ಹೋಗ್ಯಾವ. ದಾವಲನ ಸೈಕಲ್ ಹಿಂದ ನನ್ನ ಹೊರೀನೂ ಐತಿ, ಜಾಗಾ ಇಲ್ಲ. ಇವನ ಸೈಕಲ್ ಹಿಂದ ಕಟ್ಟಿದ್ರ ಮುಂದಿನ ಗಾಲಿ ಏಳ್ತೈತಿ, ಮುಂದ ಇಟ್ರ ಮುರೀತೈತಿ. ನೀವ ಹೇಳ್ರಿ."

ನನ್ನ ಜನ್ಮದಲ್ಲಿ ಅಷ್ಟು ಚೊಕ್ಕವಾಗಿ ವಾದ ಮಂಡಿಸಿದ್ದಿಲ್ಲ. ನೀಲವ್ವ ಪೂರ್ತಿ ಕೇಳಿದಳು.

"ಹೌದಪಾ. ಹಂಗಾರ ಬ್ಯಾಡ. ಚೊಚ್ಚಲ ಕೆಲಸಕ್ಕ ಹೊಂಟ ಹುಡುಗ. ನಾನೂ ಮಕ್ಕಳ ತಾಯಿ," ಅಂದಳು. ಮುನಿಸಿರಲಿಲ್ಲ, ಚುಚ್ಚು ಇರಲಿಲ್ಲ. ಸಿಂಬಿಯನ್ನು ಸರಿ ಮಾಡಿಕೊಂಡಳು. "ತಮ್ಮಾ, ತಲಿ ಮ್ಯಾಲೆ ಇಷ್ಟು ಎತ್ತಿಡು. ಹೊಳ್ಳಿ ಮನೀಗೆ ಒಯ್ತೇನಿ."

ಮಲ್ಲೇಶಿ ಬಗ್ಗಿ ಕಲ್ಲನ್ನು ಎತ್ತಿದ. ಆಕೆಯ ತಲೆಯ ಮೇಲೆ ಇಡಲಿಲ್ಲ. ನೇರ ತಂದು ತನ್ನ ಕ್ಯಾರಿಯರಿನ ಮೇಲೆ ಇಟ್ಟ.

"ನಡುವ ತೂತು ಐತಿ ನೋಡು," ಅಂದ ನನಗೆ. "ಹಗ್ಗ ಪೋಣಿಸಾಕ ಚಲೋ ಆತು."

"ಮಲ್ಲ್ಯಾ, ನಿನ್ನ ಅಂಗಡಿ ಹೋತು."

"ಹಗ್ಗ ಹಿಡಿ."

ಕಂಬಳಿಯನ್ನು ಮಡಿಚಿ ಕಲ್ಲಿನ ಕೆಳಗೆ ಹಾಕಿದ. ಕಲ್ಲು ಕೂತ ಜಾಗದಿಂದ ಜೋಳಿಗೆಯನ್ನು ಇನ್ನೂ ಮೇಲಕ್ಕೆ ಎತ್ತಿ ಬತ್ತಿ ತಾಗದಂತೆ ಕಟ್ಟಿದ. ಎಣ್ಣೆ ಡಬ್ಬಿಯನ್ನು ತೆಗೆದು ನನ್ನ ಹೆಗಲಿಗೆ ಹಾಕಿದ. ನೀಲವ್ವ ಅವನ ಬೆನ್ನು ಸವರಿದಳು. ಆಮೇಲೆ, ನನ್ನ ಆಣೆ, ಸೆರಗಿನಿಂದ ಎರಡು ಹಿಡಿ ಹಸಿ ಶೇಂಗಾ ತೆಗೆದು ಚೀಲಕ್ಕೆ ಸುರಿದಳು. ಹಾದಿಯಲ್ಲಿ ಹಸಿವಾದರೆ ಎಂದು!

ಕಪ್ಪತಗುಡ್ಡದ ಬುಡದಲ್ಲಿ ಬೀಸುವ ಗಾಳಿಯನ್ನು ಕಂಡವರೇ ಬಲ್ಲರು. ಎದುರಿನಿಂದ ಬೀಸಿದರೆ ತುಳಿದರೂ ಸೈಕಲ್ ನಿಂತಲ್ಲೇ ನಿಲ್ಲುತ್ತದೆ. ಮಲ್ಲೇಶಿ ಪ್ರತಿ ಇಳಿಜಾರಿನಲ್ಲೂ ಇಳಿದ, ಕೊರಕಲು ಬಂದಲ್ಲೆಲ್ಲ ಮುಂದಿನ ಗಾಲಿಯನ್ನು ಎತ್ತಿ ದಾಟಿಸಿದ. ದಾವಲ ಅವನನ್ನು ನಗಿಸಲೆಂದು ಕಲ್ಲಿನ ಮೇಲೆ ಹಾಡು ಕಟ್ಟಿದ. ನಾನು ಗೊಣಗುತ್ತ ಹಿಂದೆ ಬಂದೆ. ಸಂಜೆಯಾಯಿತು. ಮುಂಡರಗಿಯ ಮನೆಗಳ ಹೊಗೆ ಕಂಡಿತು. ಇನ್ನೇನು ಊರು ಬಂತೆಂದು ಮಲ್ಲೇಶಿ ಹತ್ತಿ ಕುಳಿತ.

ಗಾಡಿಹಾದಿ ಅಡ್ಡ ಬಂದಲ್ಲಿ ಒಣಕಡ್ಡಿ ಮುರಿದಂಥ ಸದ್ದಾಯಿತು. ಸೈಕಲ್ ಮುಂದಕ್ಕೆ ಮುಗ್ಗರಿಸಿತು. ಮಲ್ಲೇಶಿ ಬೀಳುತ್ತ ಎರಡೂ ಕೈಯಿಂದ ಹಿಡಿದದ್ದು ಜೋಳಿಗೆಯನ್ನು, ತನ್ನ ಮೊಣಕಾಲನ್ನಲ್ಲ. ಫೋರ್ಕಿನ ಬಲಗಾಲು ಬಾಗಿದ ಜಾಗದಲ್ಲಿ ತುಂಡಾಗಿತ್ತು. ಎಡಗಾಲು ಡೊಂಕಾಗಿತ್ತು. ಕ್ಯಾರಿಯರಿಗೆ ಏನೂ ಆಗಿರಲಿಲ್ಲ. ಒಂದು ರಿವಿಟ್ಟೂ ಸಡಿಲಿರಲಿಲ್ಲ, ಕಲ್ಲು ಕಟ್ಟಿದಂತೆಯೇ ಇತ್ತು. ಸೀರೆಯನ್ನು ಸರಿಸಿ ನೋಡಿದರೆ ಬತ್ತಿಯ ಗಾಜು ನೆಟ್ಟಗಿತ್ತು. ಒಳಗಿನ ಬೂದಿಯ ಜಾಳಿಗೆ ಕೂಡ.

ನಾನು ಕುಣಿದೆ. "ಗೆದ್ದಿ ಮಲ್ಲ್ಯಾ! ಸಾವಕಾರ್ರು ಹೇಳಿದ್ದು ನಿನ್ನ ಆಟಗಿ ಅಂತ. ನೀ ಮಾಡಿದ್ದು ಕ್ಯಾರಿಯರ್. ಮುರದದ್ದು ಫೋರ್ಕು. ಫೋರ್ಕು ಕಂಪನೀದು. ಈ ವಾದಕ್ಕ ಯಾವ ಕೋರ್ಟಿನ್ಯಾಗೂ ಸೋಲಿಲ್ಲ."

ಅವನು ಮೊಣಕಾಲಿನ ರಕ್ತ ಒರೆಸಿಕೊಳ್ಳುತ್ತ, "ಎರಡು ಫೋರ್ಕ ಇದ್ವು. ಆರಿಸಿದಾಂವ ನಾನು," ಅಂದ. "ಮ್ಯಾಲೆ ಏನ ಹೇರಬೇಕಂತ ಆರಿಸಿದಾಂವನೂ ನಾನ. ಅಪ್ಪನ ಮುಂದ ನೀ ಬಾಯಿ ತಗದ್ರ ನಿನ್ನ ಜೋಡಿ ಮಾತ ಬಿಡ್ತೇನಿ."

ಹಿಂದಿನಿಂದ ಒಂದು ಗಾಡಿ ಬಂತು. ಶೇಂಗಾ ಚೀಲಗಳ ಮೇಲೆ ಕುಳಿತ ಹನಮಪ್ಪ ಎಂಬಾತ ಮರುದಿನ ಗದಗಿನ ಪೇಟೆಗೆ ಹೊಡೆಯುವವನು. ಹೆಗಲಿಗೆ ಕಲ್ಲು ಎತ್ತಿಕೊಂಡಿದ್ದ ಮಲ್ಲೇಶಿಯನ್ನು, ಮುಂದಿನ ಕಾಲು ಮುರಿದ ಸೈಕಲ್ಲನ್ನು ನೋಡಿ ಎತ್ತುಗಳನ್ನು ನಿಲ್ಲಿಸಿದ.

"ಸೈಕಲ್ ಮ್ಯಾಲೆ ಬೀಸೂಕಲ್ಲಾ! ಮುಂದಿನ ಸಲ ಬಾವಿ ಹೇರ್ಕೊಂಡ ಬರ್ರಿ," ಎಂದು ನಕ್ಕ. "ಯಾರ ಮಗಪಾ ನೀನು?" ಬಸಲಿಂಗಪ್ಪನವರ ಮಗನೆಂದು ತಿಳಿದಾಗ ನಾಲಿಗೆ ಕಚ್ಚಿಕೊಂಡು, "ನಾ ಅವರ ಅಂಗಡಿಗೇ ಮಾಲು ಹಾಕಾಂವ ಅಲ್ರೀ," ಎಂದು ಕಲ್ಲನ್ನೂ ಸೈಕಲ್ಲನ್ನೂ ಗಾಡಿಗೆ ಏರಿಸಿಕೊಂಡ.

ಗಂಗವ್ವ ಕಲ್ಲನ್ನು ಕಂಡು ಅಳಲಿಲ್ಲ. ಇಳಿಸಿದ್ದೇ ತಡ, ಕೆಳಗಿನ ಹೋಳಿನ ಮೇಲೆ ಕೂಡಿಸಿ ಹಿಡಿ ಜೋಳ ಹಾಕಿ ಗರಗರ ತಿರುಗಿಸಿದಳು. ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, "ನಮ್ಮವ್ವ ಗೂಟಾ ಸಡ್ಲ ಕೂಡಿಸ್ಯಾಳ, ಆಕೀ ಕೆಲಸಾ ಯಾವಾಗ್ಲೂ ಹಿಂಗ," ಅಂದಳು. ಆಮೇಲೆ ತಿರುಗಿಸುತ್ತಲೇ ಕುಳಿತಳು, ಪಕ್ಕದ ಮನೆಗೆ ಸದ್ದು ಕೇಳಲಿ ಎಂಬಂತೆ.

ಅಂದಿನ ಸಭೆಯಲ್ಲಿ ಪೊಲೀಸರೇ ಇರಲಿಲ್ಲ ಎಂದರೆ ನಾನೂ ಸುಳ್ಳುಗಾರನಾಗುತ್ತೇನೆ. ಒಬ್ಬರಿದ್ದರು. ಎಲ್ಲರಿಗಿಂತ ಮುಂದೆ ಕುಳಿತು ದಾವಲ ಒಮ್ಮೆ ಹಾಡಿದ್ದನ್ನೇ ಮತ್ತೆ ಹಾಡಿಸಿದರು. ಉಳಿದ ಬುತ್ತಿಯನ್ನು ಹಂಚಿದಾಗ ಪಾಲು ತೆಗೆದುಕೊಂಡರು. ಅವರು ಅಲ್ಲಿ ಮುರಿದದ್ದು ಅಂತೂರ ಬೆಂತೂರಿನ ಒಂದು ಖಟಿ ರೊಟ್ಟಿಯನ್ನು ಮಾತ್ರ. ಬತ್ತಿ ಕೊನೆಯವರೆಗೂ ಉರಿಯಿತು. ಮಲ್ಲೇಶಿ ಅದರ ಪಕ್ಕ ಕುಳಿತು ಗಾಳಿ ಹಾಕುತ್ತಿದ್ದ. ಆ ಬೆಳಕಿನಲ್ಲಿ ಅವನ ಮುಖ ನೋಡಲಾರದೆ ನಾನು ಭಾಷಣವನ್ನು ಚಿಕ್ಕದು ಮಾಡಿದೆ. ನಾಕಾ ಮತ್ತು ಅಕ್ಕತಂಗಿಯರ ವಾಕ್ಯವನ್ನು ಬಿಟ್ಟೆ. ಅದನ್ನು ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ.

ಹನಮಪ್ಪ ನಸುಕಿನಲ್ಲೇ ಗಾಡಿ ಹೊಡೆದುಕೊಂಡು ಹೋದ. ನಾವು ಕಮ್ಮಾರನಿಂದ ಫೋರ್ಕಿಗೆ ಬೆಸುಗೆ ಹಾಕಿಸಲು ನೋಡಿದೆವು. ಹಾಕಿದ್ದು ನಿಲ್ಲಲಿಲ್ಲ. ಮಾರನೆಯ ದಿನ ಸೈಕಲ್ಲುಗಳನ್ನು ಮೋಟರಿನ ನೆತ್ತಿಯ ಮೇಲೆ ಕಟ್ಟಿ ಡಂಬಳದ ಹಾದಿಯಿಂದ ಗದಗಿಗೆ ಬಂದೆವು. ಇಳಿದಾಗ ನಮ್ಮನ್ನು ನೋಡಲು ಜನ ಸೇರಿದ್ದರು. ಒಬ್ಬ ಮಾಲೆ ತಂದಿದ್ದ. "ಪೊಲೀಸ್ರು ಭಾಳ ಹೊಡದ್ರೇನ?" ಎಂದು ಇನ್ನೊಬ್ಬ ನನ್ನ ಕೆತ್ತಿದ ಮೊಣಕೈಯನ್ನು ಭಕ್ತಿಯಿಂದ ನೋಡಿದ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಸಾವಕಾರ್ರು ಗಾದಿಯ ಮೇಲಿದ್ದರು. ಸುತ್ತ ವ್ಯಾಪಾರಸ್ಥರು. ಮಲ್ಲೇಶಿ ಮುರಿದ ಫೋರ್ಕನ್ನು ಅವರ ಮುಂದೆ ಇಟ್ಟು ನಿಂತ.

"ಅಪ್ಪಾ, ಮುರೀತು."

"ಗೊತ್ತೈತಿ. ಪೊಲೀಸ್ರು ಮುರದಾರ. ಸರಕಾರ ಮುರದದ್ದು ನಮ್ಮ ಶರತ್ತಿನ್ಯಾಗ ಬರೂದಿಲ್ಲ. ಬಾಜೂಕಿನ ಖೋಲೀ ಕೀಲಿ ನಿಮ್ಮವ್ವನ ಹಂತೇಕ ಐತಿ."

"ಅಪ್ಪಾ, ಪೊಲೀಸ್ರಲ್ಲ, ನಾನ..."

"ನಾಕ ಮಂದಿ ಮುಂದ ಅಪ್ಪನ ಮಾತಿಗೆ ಅಡ್ಡ ಬರ್ತಿ? ಕೈಕಾಲು ತೊಳಕೋ ಹೋಗು."

ಹೀಗೆ ಅಂಗಡಿ ಆಯಿತು. ಈಗ ಗದಗು ಬೆಟಗೇರಿಯಲ್ಲಿ ಹೊರೆ ಹೊರುವ ಸೈಕಲ್ಲಿಗೆ ಕ್ಯಾರಿಯರ್ ಬೇಕಾದವರು ಮೊದಲು ಮಲ್ಲೇಶಿಯ ಹತ್ತಿರ ಬರುತ್ತಾರೆ. ಆತ ಏನು ಹೊರುತ್ತೀರಿ ಎಂದು ಕೇಳಿ, ಆಮೇಲೆ ಅದಕ್ಕಿಂತ ಹೆಚ್ಚು ಹೊರುತ್ತೀರಿ ಎಂದುಕೊಂಡೇ ಫೋರ್ಕು ಆರಿಸುತ್ತಾನೆ. ಆದರೆ ನವೆಂಬರಿನ ಸಭೆಗಳಿಗೆ ಕರೆದರೆ ಹೋಗುವುದಿಲ್ಲ. ಕಳೆದ ವಾರ ಆ ಚೀಲವನ್ನು ನನ್ನ ತೊಡೆಯಿಂದ ತೆಗೆದುಕೊಳ್ಳುತ್ತ, "ಪೊಲೀಸರ ಹೆಸರಿನ ಮ್ಯಾಲೆ ನಡದ ಅಂಗಡಿ ಇದು, ವಕೀಲ. ನಾ ಗಳಿಸಿದ್ದಲ್ಲ. ಅಪ್ಪಗ ಖರೇ ಗೊತ್ತಾದ್ರ ಇವತ್ತೂ ಗಾದಿ ಮ್ಯಾಲೆ ಕುಂಡ್ರು ಅಂತಾನು," ಅಂದ. ನಗುತ್ತ ಹೇಳಿದನಾದರೂ ನಟ್ಟು ಬಿಗಿಯುವ ಪಾನಾ ಹಿಡಿದ ಕೈ ನಿಂತಿತ್ತು.

ನನಗೆ ತಡೆಯಲಾಗಲಿಲ್ಲ. ಪೊಲೀಸರ ಕತೆಯನ್ನು ಮೊದಲು ಹೇಳಿದವರು ಯಾರು ಎಂದು ಹುಡುಕುತ್ತ ಹೊರಟೆ. ಮಾಲೆ ತಂದವನಿಗೆ ಚಹಾದಂಗಡಿಯವನು ಹೇಳಿದ್ದ. ಚಹಾದಂಗಡಿಯವನಿಗೆ ಅಡತಿ ಅಂಗಡಿಯ ಹಮಾಲ. ಹಮಾಲನಿಗೆ ಸಾವಕಾರ್ರೇ. ಅದೂ ನಾವು ಊರಿಗೆ ಬರುವ ಮುಂಚೆ. ಅಂದರೆ ಅವರಿಗೆ ಯಾರೋ ತಪ್ಪು ಸುದ್ದಿ ಕೊಟ್ಟಿರಬೇಕು ಎಂದುಕೊಂಡೆ. ಮೊನ್ನೆ ಪೇಟೆಯಲ್ಲಿ ಹನಮಪ್ಪ ಸಿಕ್ಕ. ಅವನನ್ನೇ ಹಿಡಿದು ಕೇಳಿದೆ.

"ಪೊಲೀಸ್ರಾ? ಛೇ ಛೇ, ನಾ ಯಾಕ ಹಂಗ ಹೇಳಲ್ರಿ?" ಅಂದ. "ಚೀಲ ಇಳಸೂ ಮುಂದ ಸಾವಕಾರ್ರಿಗೆ ಎಲ್ಲಾ ಹೇಳಿದ್ನೆಲ್ಲ. ಕಲ್ಲು, ನೀಲವ್ವನ ಮಗಳು, ಎಲ್ಲಾ. ಹುಡುಗಗ ಪೆಟ್ಟಾಗೇತೇನು ಅಂದ್ರು. ಇಲ್ರಿ ಅಂದೆ. ಬತ್ತಿ ಅಂದ್ರು. ಅದೂ ಉಳದೈತ್ರಿ ಅಂದೆ. ಈ ಮಾತು ಯಾರ ಮುಂದೂ ಆಡಬ್ಯಾಡ ಅಂತ ಹೇಳಿ ಎದ್ದು ಒಳಗ ಹೋದ್ರು."

ನಿನ್ನೆ ಸಂಜೆ ಅಡತಿ ಅಂಗಡಿಗೆ ಹೋದೆ. ಸಾವಕಾರ್ರಿಗೆ ಈಗ ಕಣ್ಣು ಮಂಜು, ವ್ಯಾಪಾರವನ್ನು ಅಳಿಯ ನೋಡಿಕೊಳ್ಳುತ್ತಾನೆ. ಗೋಡೆಯ ಆಚೆ ಮಲ್ಲೇಶಿ ಏನನ್ನೋ ಬಡಿಯುತ್ತಿದ್ದ. ಅವರು ಆ ಸದ್ದಿನ ಕಡೆಗೆ ಕಿವಿ ಮಾಡಿಕೊಂಡು ಕುಳಿತಿದ್ದರು. ಹನಮಪ್ಪ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತಿದ್ದ ಅಡಕತ್ತರಿಯನ್ನು ಕೆಳಗಿಟ್ಟರು. ಆಗ ನಾನು ಕೇಳಿದೆ:

"ಸಾವಕಾರ್ರ, ಮಗ ಸೋತಾನಂತ ನಾವು ಊರಿಗೆ ಬರೂಕಿಂತ ಮೊದಲ ನಿಮಗ ಗೊತ್ತಿತ್ತು. ಒತ್ತಿದ ಬೆರಳಿನಿಂದ ಹಿಂದ ಸರೀಲಾರದ, ಅವನ್ನ ಗೆಲ್ಲಸಾಕಂತ ಇಡೀ ಊರಿಗೆ ಸುಳ್ಳು ಹೇಳಿದ್ರಿ. ಇಷ್ಟ ವರ್ಷ ಅದರ ಭಾರ ಅವನ ಎದಿ ಮ್ಯಾಲೆ ಕುಂತೈತಿ. ಕಲ್ಲಿನ ಸುದ್ದಿ ಕೇಳಿನ ಖೋಲಿ ಕೊಟ್ಟೆ ಅಂತ ಅವಗ ಒಂದ ಮಾತು ಯಾಕ ಹೇಳಲಿಲ್ರಿ?"